ವಾಹನ ಪ್ರಶ್ನೋತ್ತರ: ಮನೆಯಲ್ಲಿ ಕಟ್ಟಿದ ಕಾರು, ಪರೀಕ್ಷಕರ ಕಣ್ಣು

ಪ್ರಶ್ನೆ: ನಾನು ಮೂಲತಃ ದಾವಣಗೆರೆಯವನು, ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಲೋಟಸ್ ಸೆವೆನ್ ಮಾದರಿಯ, ಮೇಲ್ಛಾವಣಿ ಇಲ್ಲದ, ಎರಡು ಸೀಟಿನ ಕಾರಿನ ಕಿಟ್ ತರಿಸಿ ಮನೆಯ ಗ್ಯಾರೇಜಿನಲ್ಲಿ ಜೋಡಿಸುತ್ತಿದ್ದೇನೆ. ಚಾಸಿಸ್ ಹೊಸದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದು ಹಳೆಯ ಫೋರ್ಡ್ ಕಾರಿನವು. ಕಾರು ಓಡುವ ಸ್ಥಿತಿಗೆ ಬಂದಿದೆ. ಇನ್ನು ರಸ್ತೆಗಿಳಿಸಲು ಬೇಕಾದ ಅನುಮೋದನೆಯ ಐವಿಎ ಪರೀಕ್ಷೆ ಬಾಕಿ. ಅದರಲ್ಲಿ ನಿಜವಾಗಿ ಏನನ್ನು ನೋಡುತ್ತಾರೆ? ತೇರ್ಗಡೆಯಾದ ಮೇಲೆ ಯಾವ ನಂಬರ್ ಸಿಗುತ್ತದೆ?
— ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಹಳೆಯ ಕಾರುಗಳು ವರ್ಷಕ್ಕೊಮ್ಮೆ ಎದುರಿಸುವ ಎಂಒಟಿ ತಪಾಸಣೆಗೂ ನೀವು ಎದುರಿಸಬೇಕಾದ ಐವಿಎಗೂ ಬಹಳ ವ್ಯತ್ಯಾಸವಿದೆ. ಎಂಒಟಿಯು ಈಗಾಗಲೇ ಅನುಮೋದನೆ ಪಡೆದ ಕಾರು ಸವೆದಿದೆಯೇ, ಕೆಟ್ಟಿದೆಯೇ ಎಂದು ಕೇಳುತ್ತದೆ. ಐವಿಎ ಪರೀಕ್ಷಕರು ಕೇಳುವುದು ಈ ಕಾರಿನ ವಿನ್ಯಾಸವೇ ರಸ್ತೆಗೆ ಯೋಗ್ಯವೇ ಎಂಬುದನ್ನು. ದೊಡ್ಡ ಕಂಪನಿಯೊಂದು ಒಂದು ಮಾದರಿಗೆ ಒಮ್ಮೆ ಪಡೆಯುವ ಅನುಮೋದನೆಯನ್ನು ನೀವು ನಿಮ್ಮ ಒಂದೇ ಒಂದು ಕಾರಿಗೆ ಪಡೆಯಬೇಕಾಗಿದೆ. 1998ರಲ್ಲಿ ಹವ್ಯಾಸಿಗಳ ಕಾರುಗಳಿಗೂ ಅನ್ವಯವಾದ ಎಸ್‌ವಿಎ ಎಂಬ ಪರೀಕ್ಷೆಯ ಸ್ಥಾನಕ್ಕೆ 2009ರಲ್ಲಿ ಐವಿಎ ಬಂದಿತು. ಗ್ರೇಟ್ ಬ್ರಿಟನ್ನಿನಲ್ಲಿ ಇದನ್ನು ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತದೆ. ಉತ್ತರ ಐರ್ಲೆಂಡಿನಲ್ಲಿ ಈ ಹೊಣೆ ಡಿವಿಎಯದು.

ಪ್ರಯಾಣಿಕ ಕಾರುಗಳ ಐವಿಎ ಕೈಪಿಡಿಯನ್ನು ಸರ್ಕಾರ ಉಚಿತವಾಗಿ ಪ್ರಕಟಿಸುತ್ತದೆ. ಪರೀಕ್ಷಕರು ತಮ್ಮ ಮುಂದೆ ಇಟ್ಟುಕೊಳ್ಳುವುದೂ ಅದೇ ಕೈಪಿಡಿಯನ್ನು. ಅಂದರೆ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲೇ ಇದೆ. ಹಾಗಿದ್ದೂ ಎಷ್ಟೋ ಮಂದಿ ಕಾರನ್ನು ಪೂರ್ತಿ ಕಟ್ಟಿ, ಬಣ್ಣ ಬಳಿದ ಮೇಲೆ ಅದನ್ನು ಮೊದಲ ಬಾರಿಗೆ ತೆರೆಯುತ್ತಾರೆ. ಎಂಜಿನ್ನಿನ ಶಕ್ತಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಕೊನೆಗೆ ಸೋಲುವುದು ಡ್ಯಾಷ್‌ಬೋರ್ಡಿನ ಕೆಳಗಿನ ಒಂದು ಚೂಪು ಅಂಚಿಗೆ.

ಆದ್ದರಿಂದ ಅಂಚುಗಳಿಂದಲೇ ಆರಂಭಿಸುತ್ತೇನೆ. ಕಾರಿನ ಹೊರಮೈಯನ್ನು ಪರೀಕ್ಷಿಸಲು 100 ಮಿಲಿಮೀಟರ್ ವ್ಯಾಸದ, ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಗೋಳವೊಂದನ್ನು ಬಳಸುತ್ತಾರೆ. ನೆಲದಿಂದ 2 ಮೀಟರ್ ಎತ್ತರದವರೆಗೆ, ಕೆಳಭಾಗದಲ್ಲಿ ಗುರುತಿಸಿದ ಗಡಿರೇಖೆಯಿಂದ ಮೇಲೆ, ಆ ಗೋಳ ತಾಗಬಹುದಾದ ಪ್ರತಿಯೊಂದು ಗಟ್ಟಿ ಅಂಚಿನ ದುಂಡಗಿನ ತಿರುವು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದ್ದಾಗಿರಬೇಕು. ಕಾರು ಪಾದಚಾರಿಯೊಬ್ಬರಿಗೆ ತಗುಲಿದರೆ ಅದು ಮೈಯನ್ನು ಸೀಳಬಾರದು ಎಂಬುದಷ್ಟೇ ಇದರ ಹಿಂದಿನ ಆಲೋಚನೆ. ಮೆತ್ತನೆಯ ರಬ್ಬರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಆದರೆ ಅದರ ಗಡಸುತನ, ಅದನ್ನು ಅಳೆಯುವ ಶೋರ್ ಎ ಎಂಬ ಮಾಪಕದಲ್ಲಿ 60ನ್ನು ಮೀರಬಾರದು.

ನಿಮ್ಮ ಬಗೆಯ ಕಾರಿನಲ್ಲಿ ತೊಂದರೆ ಹೆಚ್ಚು, ಏಕೆಂದರೆ ಮುಂದಿನ ಚಕ್ರಗಳ ಸಸ್ಪೆನ್ಷನ್ ಇಡೀ ಬಯಲಿನಲ್ಲಿರುತ್ತದೆ. ಚಕ್ರವನ್ನು ಚಾಸಿಸ್‌ಗೆ ಹಿಡಿದಿರುವ ಕವಲು ತೋಳಾದ ವಿಷ್‌ಬೋನಿನ ಬೋಲ್ಟ್ ತಲೆಗಳು, ಹೊರಚಾಚಿದ ಬೋಲ್ಟಿನ ತಿರುಪು, ಹೆಡ್‌ಲೈಟ್ ಹಿಡಿದಿರುವ ತಗಡು, ಮಡ್‌ಗಾರ್ಡಿನ ತುದಿ, ನಂಬರ್ ಪ್ಲೇಟಿನ ಹಿಂದಿನ ಪಟ್ಟಿ, ಬಾನೆಟ್ಟಿನ ಕೊಂಡಿ, ಇವೆಲ್ಲವೂ ಗೋಳಕ್ಕೆ ಸಿಗುತ್ತವೆ. ಬೋಲ್ಟುಗಳಿಗೆ ಪ್ಲಾಸ್ಟಿಕ್ ಟೊಪ್ಪಿಗೆ, ತಗಡಿನ ಅಂಚುಗಳಿಗೆ ರಬ್ಬರ್ ಪಟ್ಟಿ ಹಾಕುವುದು ರೂಢಿ. ಚಕ್ರದ ನಡುವೆ ರೆಕ್ಕೆಯಂತೆ ಹೊರಚಾಚುವ ಹಳೆಯ ಶೈಲಿಯ ನಟ್ಟುಗಳ ಆಸೆಯನ್ನು ಈಗಲೇ ಬಿಟ್ಟುಬಿಡಿ.

ಒಳಭಾಗಕ್ಕೆ ಬೇರೆ ಗೋಳವಿದೆ. ಅದರ ವ್ಯಾಸ 165 ಮಿಲಿಮೀಟರ್, ಅದು ಮನುಷ್ಯನ ತಲೆಯ ಪ್ರತಿನಿಧಿ. ಡಿಕ್ಕಿಯಾದಾಗ ತಲೆ ಬಡಿಯಬಹುದಾದ ಪ್ರದೇಶದಲ್ಲಿ ಅದಕ್ಕೆ ತಾಗುವ ಗಟ್ಟಿ ಅಂಚುಗಳಿಗೂ 2.5 ಮಿಲಿಮೀಟರ್ ತ್ರಿಜ್ಯದ ನಿಯಮವೇ ಅನ್ವಯಿಸುತ್ತದೆ. ರೇಸ್ ಕಾರಿನಿಂದ ಎರವಲು ಪಡೆದ ಉದ್ದನೆಯ ಟಾಗಲ್ ಸ್ವಿಚ್ಚುಗಳು ನೋಡಲು ಚೆಂದವಾದರೂ ಇಲ್ಲಿ ಅವು ನಿಮ್ಮ ಪಾಲಿನ ಶತ್ರುಗಳು.

ಬ್ರೇಕ್ ವಿಚಾರದಲ್ಲಿ ಪರೀಕ್ಷಕರು ರೋಲರ್ ಮೇಲಿನ ಅಳತೆಗಳನ್ನು ನಿಮ್ಮ ಘೋಷಿತ ಆ್ಯಕ್ಸಲ್ ತೂಕದೊಂದಿಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಕಟ್ಟಿಕೊಂಡರೆ, ಅಂದರೆ ಉರುಳದೆ ನಿಂತುಬಿಟ್ಟರೆ, ಕಾರು ಗಿರಕಿ ಹೊಡೆಯುವ ಅಪಾಯವಿರುವುದರಿಂದ, ಮುಂದಿನವು ಮೊದಲು ಕಟ್ಟಿಕೊಳ್ಳುವಂತಿರಬೇಕು. ಮುಂದು-ಹಿಂದಿನ ಬ್ರೇಕ್ ಬಲವನ್ನು ಹಂಚುವ ಹೊಂದಾಣಿಕೆಯ ದಂಡವನ್ನು ನೀವು ಅಳವಡಿಸಿದ್ದರೆ, ಅದನ್ನು ಚಾಲಕ ಬೇಕೆಂದಾಗ ತಿರುಗಿಸಲಾಗದಂತೆ ಶಾಶ್ವತವಾಗಿ ಬಂಧಿಸಿರಬೇಕು. ಬ್ರೇಕ್ ಎಣ್ಣೆ ಕಡಿಮೆಯಾದರೆ ಹೊತ್ತುವ ಎಚ್ಚರಿಕೆ ದೀಪವಿರಬೇಕು. ಅದು ಕೆಲಸ ಮಾಡುತ್ತದೆಯೇ ಎಂದು ಚಾಲಕ ಪರಿಶೀಲಿಸಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಬ್ರೇಕ್ ಪೈಪುಗಳನ್ನು ಜೋತುಬೀಳದಂತೆ ಸಮೀಪ ಸಮೀಪ ಕ್ಲಿಪ್ಪು ಹಾಕಿ ಚಾಸಿಸ್‌ಗೆ ಬಿಗಿಯಿರಿ.

ಸೀಟ್ ಬೆಲ್ಟಿನ ಮೇಲಿನ ಕೊಕ್ಕೆ ಸೀಟಿನ ಅಳತೆಬಿಂದುವಿನಿಂದ ಕನಿಷ್ಠ 450 ಮಿಲಿಮೀಟರ್ ಮೇಲಿರಬೇಕು. ಕುಳ್ಳಗಿನ ತೆರೆದ ಕಾರುಗಳಲ್ಲಿ ಈ ಎತ್ತರ ಸಿಗುವುದೇ ಕಷ್ಟ. ಚಾಸಿಸ್‌ಗೆ ಬೆಸುಗೆ ಹಾಕುವ ಮುನ್ನವೇ ಇದನ್ನು ಅಳೆಯದಿದ್ದವರು ಬಣ್ಣ ಕೆರೆದು ಮತ್ತೆ ಬೆಸುಗೆ ಹಾಕಬೇಕಾಗುತ್ತದೆ. ದೀಪಗಳ ಎತ್ತರವೂ ಹಾಗೆಯೇ: ಡಿಪ್ ಮಾಡಿದ ಹೆಡ್‌ಲೈಟ್ ನೆಲದಿಂದ 500 ಮಿಲಿಮೀಟರಿಗಿಂತ ಕೆಳಗಿರಬಾರದು, 1200ಕ್ಕಿಂತ ಮೇಲಿರಬಾರದು. ಹಿಂದಿನ ಮಂಜುದೀಪ ಒಂದೇ ಇದ್ದರೆ ಅದು ಮಧ್ಯದಲ್ಲಿ ಅಥವಾ ಬಲಕ್ಕೆ ಇರಬೇಕು. ಬ್ರೇಕ್ ದೀಪದಿಂದ 100 ಮಿಲಿಮೀಟರಿಗಿಂತ ಹೆಚ್ಚು ದೂರವಿರಬೇಕು. ದೀಪ, ಕನ್ನಡಿಗಳ ಮೇಲೆ ವೃತ್ತದೊಳಗೆ ಇ ಅಕ್ಷರವೂ ಅದರ ಪಕ್ಕದಲ್ಲಿ ಒಂದು ಸಂಖ್ಯೆಯೂ ಇರುವ ಅನುಮೋದನೆ ಮುದ್ರೆಯನ್ನು ನೋಡಿಯೇ ಕೊಳ್ಳಿ. ಅಗ್ಗದ ದೀಪವನ್ನು ಹಾಕಿ ಆಮೇಲೆ ಬದಲಾಯಿಸುವುದು ಉಳಿತಾಯವಲ್ಲ.

ಶಬ್ದದ ಪರೀಕ್ಷೆಯಲ್ಲಿ ಸೈಲೆನ್ಸರಿನ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮಾಪಕವಿಟ್ಟು ಅಳೆಯುತ್ತಾರೆ. ಹವ್ಯಾಸಿ ಕಾರಿಗೆ ಮಿತಿ 99 ಡೆಸಿಬಲ್. ಹೊಗೆಯ ಮಿತಿ ಎಂಜಿನ್ನಿನ ವಯಸ್ಸನ್ನು ಅವಲಂಬಿಸಿದೆ. ಆ ವಯಸ್ಸನ್ನು ನೀವು ದಾಖಲೆಯಿಂದ ಸಾಬೀತುಪಡಿಸಲಾಗದಿದ್ದರೆ ಹೊಸ ಎಂಜಿನ್ನಿನ ಕಟ್ಟುನಿಟ್ಟಾದ ಮಿತಿಗೆ ಸಿಲುಕಬಹುದು. ನಿಮ್ಮ ಫೋರ್ಡ್ ಎಂಜಿನ್ನಿನ ಸಂಖ್ಯೆಯನ್ನು ಬರೆದುಕೊಂಡು, ಅದು ಯಾವ ವರ್ಷದ್ದೆಂಬ ಪತ್ರವನ್ನು ಪರೀಕ್ಷೆಗೆ ಮುನ್ನವೇ ಪಡೆದಿಟ್ಟುಕೊಳ್ಳಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೆ ನಡೆಯುತ್ತದೆ, ಕಡಿಮೆ ತೋರಿಸಿದರೆ ಮಾತ್ರ ನಡೆಯುವುದಿಲ್ಲ. ಸ್ಟೀರಿಂಗ್ ಲಾಕ್ ಅಥವಾ ಅಂಥದೇ ಕಳ್ಳತನ ತಡೆಯುವ ಸಾಧನ, ಕಳೆದುಹೋಗದಂತೆ ಕಟ್ಟಿದ ಅಥವಾ ಬೀಗವಿರುವ ಪೆಟ್ರೋಲ್ ಮುಚ್ಚಳ, ಚಾಸಿಸ್ ಮೇಲೆ ಕೊರೆದ ಗುರುತಿನ ಸಂಖ್ಯೆ, ತೂಕಗಳನ್ನು ನಮೂದಿಸಿದ ತಗಡಿನ ಫಲಕ, ಇವು ಚಿಕ್ಕ ವಿಷಯಗಳೆನಿಸಿದರೂ ಮರೆತರೆ ಚೀಟಿಯಲ್ಲಿ ಬರೆಯುತ್ತಾರೆ.

ಅರ್ಜಿಯೊಂದಿಗೆ, ಕಾರನ್ನು ನೀವೇ ನಿಮ್ಮ ಬಳಕೆಗೆ ಕಟ್ಟಿದ್ದೀರಿ ಎಂಬುದಕ್ಕೆ ಆಧಾರ ಕೊಡಬೇಕು. ಜೋಡಣೆಯ ಫೋಟೋಗಳು ಮತ್ತು ಬಿಡಿಭಾಗಗಳ ರಸೀದಿಗಳು ಸಾಕಾಗುತ್ತವೆ. ಶುಲ್ಕ ಬಹಳ ವರ್ಷ 450 ಪೌಂಡ್, ಮರುಪರೀಕ್ಷೆಗೆ 90 ಪೌಂಡ್ ಇತ್ತು. ನೀವು ಅರ್ಜಿ ಹಾಕುವ ದಿನದ ಮೊತ್ತವನ್ನು ನೋಡಿಕೊಂಡು ಕಟ್ಟಿ. ಸೋತರೆ ಕೊರತೆಗಳ ಪಟ್ಟಿಯನ್ನು ಬರಹದಲ್ಲಿ ಕೊಡುತ್ತಾರೆ. ಅದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಅನುಭವಿಗಳ ಕಾರುಗಳೂ ಒಂದೆರಡು ಅಂಚಿಗಾಗಿ ಹಿಂದಿರುಗಿ ಬರುತ್ತವೆ.

ಇನ್ನು ನಂಬರ್. ಅದನ್ನು ಕೊಡುವುದು ಡಿವಿಎಲ್‌ಎ ಎಂಬ ವಾಹನ ನೋಂದಣಿ ಸಂಸ್ಥೆ. ನಂಬರ್ ಕೊಡುವುದು ಡಿವಿಎಸ್‌ಎಯ ಕೆಲಸವಲ್ಲ. ಎಲ್ಲ ಭಾಗಗಳೂ ಹೊಸವಾಗಿದ್ದು, ಹೆಚ್ಚೆಂದರೆ ಒಂದು ಮಾತ್ರ ಹೊಸದರಂತೆ ದುರಸ್ತಿ ಮಾಡಿದ್ದಾದರೆ ಆ ವರ್ಷದ ಹೊಸ ನಂಬರ್ ಸಿಗುತ್ತದೆ. ಕಿಟ್ ತಯಾರಕರ ಹೊಸ ಚಾಸಿಸ್ ಜೊತೆಗೆ ಒಂದೇ ಹಳೆಯ ಕಾರಿನ ಎರಡು ಮುಖ್ಯ ಭಾಗಗಳಿದ್ದರೆ ಆ ಹಳೆಯ ಕಾರಿನ ವಯಸ್ಸಿಗೆ ತಕ್ಕ ನಂಬರ್ ಸಿಗುತ್ತದೆ. ನಿಮ್ಮ ಎಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಕಾರಿನಿಂದ ಬಂದಿರುವುದು ಇಲ್ಲಿ ನಿಮ್ಮ ಭಾಗ್ಯ. ಆದರೆ ಆ ಕಾರಿನ ನೋಂದಣಿ ಪತ್ರ ಕೈಯಲ್ಲಿರಲೇಬೇಕು. ಅದಿಲ್ಲದಿದ್ದರೆ, ವಯಸ್ಸು ತಿಳಿಯದ ವಾಹನಗಳಿಗೆ ಕೊಡುವ ಕ್ಯೂ ಅಕ್ಷರದ ನಂಬರಿಗೆ ತೃಪ್ತರಾಗಬೇಕು. ಕಾರು ಓಡಿಸಲು ಕ್ಯೂ ನಂಬರಿನಿಂದ ಅಡ್ಡಿಯೇನಿಲ್ಲ. ಮಾರುವಾಗ ಮಾತ್ರ ಕೊಳ್ಳುವವರು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ನನ್ನ ಪತಿ ಕಟ್ಟಿದ ಕಾರು ಬೇರೆಲ್ಲ ವಿಷಯದಲ್ಲೂ ತೇರ್ಗಡೆಯಾಗಿ, ‘ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ಸೋತಿದೆ. ಇದಕ್ಕೆ ಕಾರಣವೇನು? ಮರುಪರೀಕ್ಷೆಗೆ ಕಾರನ್ನು ಓಡಿಸಿಕೊಂಡೇ ಹೋಗಬಹುದೇ?
— ಓದುಗರು, ಲೆಸ್ಟರ್

ಉತ್ತರ: ಹಗುರವಾದ ಕಿಟ್ ಕಾರುಗಳಲ್ಲಿ ಇದು ತೀರ ಪರಿಚಿತ ಸೋಲು. ತಿರುವಿನಲ್ಲಿ ಹಿಡಿತ ಸಡಿಲಿಸಿದಾಗ ಸ್ಟೀರಿಂಗ್ ನೇರ ದಿಕ್ಕಿನತ್ತ ಮರಳುವ ಒಲವು ತೋರಬೇಕು. ಈ ಒಲವು ಹುಟ್ಟುವುದು ಮುಖ್ಯವಾಗಿ ಕ್ಯಾಸ್ಟರ್ ಕೋನದಿಂದ. ಚಕ್ರ ತಿರುಗುವ ಅಕ್ಷವು ಹಿಂದಕ್ಕೆ ವಾಲಿದ್ದರೆ ಅದರ ರೇಖೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ನೆಲವನ್ನು ಸೇರುತ್ತದೆ. ಆಗ ಟೈರಿನ ಮೇಲೆ ಬೀಳುವ ಅಡ್ಡಬಲವೇ ಚಕ್ರವನ್ನು ಹಿಂದಕ್ಕೆ ಎಳೆದು ನೇರ ಮಾಡುತ್ತದೆ. ಕಿಟ್ ಕಾರುಗಳಲ್ಲಿ ಬಳಸುವ ಮುಂಚಕ್ರದ ಭಾಗಗಳು ಎಷ್ಟೋ ವೇಳೆ ಇದರ ದುಪ್ಪಟ್ಟು ತೂಕದ ಕಾರಿಗೆಂದು ರೂಪಿಸಿದವು. ಮುಂದಿನ ಆ್ಯಕ್ಸಲ್ ಮೇಲೆ ಭಾರವೇ ಇಲ್ಲದಾಗ ಆ ಅಡ್ಡಬಲಕ್ಕೆ, ಚಕ್ರಗಳನ್ನು ತಿರುಗಿಸುವ ಹಲ್ಲಿನ ದಂಡವಾದ ಸ್ಟೀರಿಂಗ್ ರ‍್ಯಾಕಿನ ಘರ್ಷಣೆಯನ್ನು ಮೀರುವ ತ್ರಾಣ ಸಾಲುವುದಿಲ್ಲ.

ಮೊದಲು ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಸ್ಟೀರಿಂಗನ್ನು ಚಕ್ರಗಳಿಗೆ ಜೋಡಿಸುವ ಟ್ರ್ಯಾಕ್ ರಾಡುಗಳನ್ನು ಬಿಚ್ಚಿ, ಸ್ಟೀರಿಂಗ್ ಎಲ್ಲಾದರೂ ಬಿಗಿಯಾಗಿದೆಯೇ ಎಂದು ಕೈಯಿಂದ ತಿರುಗಿಸಿ ನೋಡಲು ಹೇಳಿ. ಹೊಸ ಬಾಲ್ ಜಾಯಿಂಟುಗಳು, ಓರೆಯಾಗಿ ಕೂತ ಕಾಲಮ್ಮಿನ ಬೇರಿಂಗ್, ಅತಿಯಾಗಿ ಬಿಗಿದ ರ‍್ಯಾಕ್, ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕೀತು. ಅದು ಸರಿಯಿದ್ದರೆ ಮೇಲಿನ ವಿಷ್‌ಬೋನನ್ನು ವಾಷರುಗಳ ನೆರವಿನಿಂದ ಹಿಂದಕ್ಕೆ ಸರಿಸಿ ಕ್ಯಾಸ್ಟರ್ ಹೆಚ್ಚಿಸುವುದು ನೇರವಾದ ಪರಿಹಾರ. ಪರೀಕ್ಷೆಯ ದಿನಕ್ಕಷ್ಟೇ ಚಕ್ರಗಳ ಮುಂತುದಿಯನ್ನು ತುಸು ಹೊರಕ್ಕೆ ತಿರುಗಿಸಿ, ಟೈರಿಗೆ ಗಾಳಿ ಹೆಚ್ಚು ತುಂಬಿ ಗೆದ್ದು ಬರುವವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ ಎಂಬುದು ನಿಜ. ಹೆದ್ದಾರಿಯಲ್ಲಿ ಅದೇ ಕಾರು ಅತ್ತಿತ್ತ ಎಳೆಯುತ್ತದೆ ಎಂಬುದೂ ನಿಜ. ನಾನಾದರೆ ವಾಷರುಗಳ ದಾರಿ ಹಿಡಿಯುತ್ತೇನೆ.

ಮುಂಗಡವಾಗಿ ಗೊತ್ತುಪಡಿಸಿದ ಪರೀಕ್ಷೆಗೆ ನೋಂದಣಿಯಿಲ್ಲದ ಕಾರನ್ನು ನೇರವಾಗಿ ಓಡಿಸಿಕೊಂಡು ಹೋಗಲು ಕಾನೂನು ಅನುಮತಿಸುತ್ತದೆ, ವಿಮೆ ಇರಲೇಬೇಕು. ಚಾಸಿಸ್ ಸಂಖ್ಯೆಯ ಮೇಲೆ ವಿಮೆ ಕೊಡುವ ಕಂಪನಿಗಳಿವೆ. ಆದರೂ ದೂರ ಹೆಚ್ಚಿದ್ದರೆ ಟ್ರೇಲರ್ ಬಾಡಿಗೆಗೆ ತರುವುದೇ ಕ್ಷೇಮ.

ಪ್ರಶ್ನೆ: ಪರೀಕ್ಷೆ ಮುಗಿದ ಕೂಡಲೇ ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಟೊಪ್ಪಿಗೆಗಳನ್ನೆಲ್ಲ ಕಿತ್ತು ಹಾಕುವುದು ಇಲ್ಲಿನ ವಾಡಿಕೆ. ಇದು ಸರಿಯೇ?
— ಓದುಗರು, ಮ್ಯಾಂಚೆಸ್ಟರ್

ಉತ್ತರ: ವಾಡಿಕೆ ಎಂಬುದೇನೋ ದಿಟ. ಆದರೆ ಅಂಚಿನ ನಿಯಮ ಇರುವುದು ಪರೀಕ್ಷಕರ ಸಮಾಧಾನಕ್ಕಲ್ಲ, ರಸ್ತೆ ದಾಟುವವರ ಮೊಣಕಾಲಿಗಾಗಿ. ಅಂದಗೆಡಿಸುವ ಪಟ್ಟಿ ಬೇಡವೆನಿಸಿದರೆ ಜೋಡಣೆಯ ಹಂತದಲ್ಲೇ ತಗಡಿನ ಅಂಚನ್ನು ಒಳಕ್ಕೆ ಮಡಿಸಿ, ಬೋಲ್ಟುಗಳಿಗೆ ಗುಮ್ಮಟ ತಲೆಯ ನಟ್ಟುಗಳನ್ನು ಹಾಕಿದರೆ ಕಿತ್ತುಹಾಕಲು ಏನೂ ಉಳಿಯುವುದಿಲ್ಲ. ಕಿತ್ತ ಮೇಲೆ ಅಪಘಾತವಾದರೆ, ಅನುಮೋದನೆ ಪಡೆದಾಗಿನ ಸ್ಥಿತಿಯಲ್ಲಿ ಕಾರು ಇರಲಿಲ್ಲವೆಂದು ವಿಮಾ ಕಂಪನಿ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಇಂಥ ಕಾರನ್ನು ಇಲ್ಲಿಯೇ ಕಟ್ಟಿ ಆರ್‌ಟಿಒದಲ್ಲಿ ನೋಂದಾಯಿಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬ್ರಿಟನ್ನಿನಲ್ಲಿರುವಂಥ, ಹವ್ಯಾಸಿಯ ಒಂದೇ ಕಾರಿಗೆಂದು ರೂಪಿಸಿದ ಸುಲಭದ ದಾರಿ ನಮ್ಮಲ್ಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ತಮ್ಮ ಮಾದರಿಯ ಮೊದಲ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಡ್ಡಬೇಕು. ಹೊಸ ವಾಹನ ನೋಂದಣಿಗೆ, ವಾಹನ ನಿಯಮಗಳಿಗೆ ಅನುಗುಣವಾಗಿದೆ ಎಂದು ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22 ಬೇಕು. ಒಂದೇ ಕಾರಿಗಾಗಿ ಒಬ್ಬ ವ್ಯಕ್ತಿ ಈ ವೆಚ್ಚವನ್ನು ಹೊರುವುದು ಸಾಧ್ಯವಾಗದ ಮಾತು. ಹಳೆಯ ಕಾರೊಂದರ ನೋಂದಣಿಯ ಮೇಲೆ ಬೇರೆ ದೇಹ ಕೂರಿಸುವ ಯೋಚನೆಯೂ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಹೇಳಿದೆ.

ಕಟ್ಟುವ ಆಸೆಯಿದ್ದರೆ ಕಾಲೇಜಿನ ತಂಡ ಸೇರಿ ಬಾಹಾ ಎಸ್‌ಎಇ ಇಂಡಿಯಾ ಅಥವಾ ಫಾರ್ಮುಲಾ ಭಾರತ್ ಸ್ಪರ್ಧೆಗೆ ಗಾಡಿ ಕಟ್ಟಿ. ಅವು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ, ಆದ್ದರಿಂದ ಆರ್‌ಟಿಒ ಗೊಡವೆಯಿಲ್ಲ. ಆದರೆ ಅಲ್ಲಿಯೂ ಓಟಕ್ಕೆ ಮುನ್ನ ತಾಂತ್ರಿಕ ತಪಾಸಣೆ ಉಂಟು. ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರಗಳು ಕಟ್ಟಿಕೊಳ್ಳದ ಗಾಡಿಯನ್ನು ಟ್ರ್ಯಾಕಿಗೆ ಬಿಡುವುದಿಲ್ಲವಾದ್ದರಿಂದ, ಎಂಜಿನ್ ಆಯ್ಕೆಗೆ ಮುಂಚೆ ಆ ವರ್ಷದ ನಿಯಮಾವಳಿಯ ಬ್ರೇಕ್ ಅಧ್ಯಾಯವನ್ನು ತಂಡದಲ್ಲಿ ಒಬ್ಬರಾದರೂ ಪೂರ್ತಿ ಓದಿರಲಿ.