"ಅದು ಬಿಡಿ" ಅಂದ್ರೆ ಹೇಗಮ್ಮ ಬಿಡ್ಲಿ?

ನಿನ್ನ ಪತ್ರ ಬೆಳಗ್ಗೆಯಿಂದ ಮೂರು ಸಲ ಓದಿದೆ ಕಣಮ್ಮ, ಹೊಟ್ಟೆ ಚುರ್ ಅಂತು. ವಯಸ್ಸು 34, ಎತ್ತರ ಐದಡಿ ಎರಡಿಂಚು, ತೂಕ 112 ಕೆಜಿ, ಶುಗರ್ ಮಾತ್ರೆಗೂ ಬಗ್ತಿಲ್ಲ. ಡಾಕ್ಟ್ರು ತೂಕ ಇಳಿಸಕ್ಕೆ ಜಠರ ಚಿಕ್ಕದು ಮಾಡೋ ಸ್ಲೀವ್ ಸರ್ಜರಿ ಮಾಡಿಸ್ಕೊ ಅಂದಿದಾರೆ, ಗಂಡ "ನಿನ್ನಿಷ್ಟ" ಅಂತಾನೆ, ನಾದಿನಿ ಮಾತ್ರ ನಾಮಕರಣದ ಮನೇಲಿ ಎಲ್ಲರೆದುರು "ಬಾಯಿ ಕಟ್ಟಕ್ಕಾಗ್ದೋರು ಹೊಟ್ಟೆ ಕೊಯ್ಸ್ಕೋತಾರೆ" ಅಂದ್ಲು. ಮಾಡಿಸ್ಲಾ ಬೇಡ್ವಾ ಅಂತ ನಿನ್ನ ಪ್ರಶ್ನೆ.

ಆದ್ರೆ ಕೊನೇಲಿ ಒಂದು ಸಾಲು ಬರ್ದಿದೀಯ: "ಗೊರಕೆ ಅಂತ ಇವ್ರು ಹಾಲ್‌ನಲ್ಲಿ ಮಲಗ್ತಾರೆ, ಹೋದ್ ವಾರ ಮಗೂನ ಸ್ಕೂಲಿಗೆ ಬಿಡಕ್ಕೆ ಹೋಗ್ವಾಗ ಸಿಗ್ನಲ್‌ನಲ್ಲಿ ಸ್ಕೂಟಿ ಮೇಲೇ ಕಣ್ಣು ಮುಚ್ಚೋಯ್ತು, ಹಿಂದಿನೋರು ಹಾರ್ನ್ ಹೊಡೆದ್ರು, ಅದು ಬಿಡಿ." ಇದು ಸ್ಲೀಪ್ ಅಪ್ನಿಯಾ ಇರಬಹುದು. ನಿದ್ದೇಲಿ ಗಂಟಲ ದಾರಿ ಮುಚ್ಕೊಂಡು ಉಸಿರು ನಿಂತು ನಿಂತು ಬರುತ್ತೆ, ಪ್ರತಿ ಸಲ ಮೆದುಳು ಗಾಬರಿಬಿದ್ದು ಎಬ್ಬಿಸುತ್ತೆ, ಅದಕ್ಕೇ ಎಂಟು ಗಂಟೆ ಮಲಗಿದ್ರೂ ಹಗಲೆಲ್ಲ ತೂಕಡಿಕೆ. ಸರ್ಜರಿಗೆ ಅನಸ್ತೇಶಿಯಾ ಕೊಡೋರಿಗಂತೂ ಇದು ಮೊದ್ಲೇ ಗೊತ್ತಿರ್ಲೇಬೇಕು.

ನಾದಿನಿ ಮೇಲೆ ನಂಗೆ ಬಂದಿರೋ ಸಿಟ್ಟು ಅಷ್ಟಿಷ್ಟಲ್ಲ. ದಪ್ಪಗಿರೋರ ತಟ್ಟೆ ಕಡೆ ಕಣ್ಣು ಹಾಕೋ ಹಕ್ಕು ಯಾರಿಗೂ ಇಲ್ಲ, ಇದನ್ನ ನಾನು ಎಷ್ಟು ಸಲ ಬರ್ದಿದೀನೋ! ನಿನ್ನ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 45, ನಮ್ಮ ಇನ್ಶೂರೆನ್ಸ್ ನಿಯಮದಲ್ಲೇ 40 ದಾಟಿದೋರಿಗೆ, ಇಲ್ಲಾ 35ರ ಜೊತೆ ಹತೋಟಿಗೆ ಬರದ ಶುಗರ್ರೋ ಜೋರು ಅಪ್ನಿಯಾನೋ ಇರೋರಿಗೆ ಈ ಸರ್ಜರಿ ಚಿಕಿತ್ಸೆ ಅಂತಾನೇ ಲೆಕ್ಕ. ಜಠರದ ಮುಕ್ಕಾಲು ಭಾಗ ತೆಗೀತಾರೆ, ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಆ ಭಾಗದಲ್ಲೇ, ಹಂಗಾಗಿ ಹಸಿವೇ ಇಳಿಯುತ್ತೆ. ಸುಲಭ ಅಂತ ಮಾತ್ರ ತಿಳ್ಕೋಬೇಡ, ಮೊದ್ಲ ವಾರಗಳು ಬರೀ ನೀರಾಹಾರ, ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ನೋಡ್ಕೋಬೇಕು, ಇನ್ನೊಂದು ಮಗು ಬೇಕಿದ್ರೆ ಒಂದು, ಒಂದೂವರೆ ವರ್ಷ ಕಾಯ್ಬೇಕು. ಎಲ್ಲ ಒಪ್ಪಿಗೆ ಇದ್ರೆ ಧೈರ್ಯವಾಗಿ ಮಾಡಿಸ್ಕೊ.

ಆದ್ರೆ ಅದಕ್ಕೂ ಮುಂಚೆ, ಈ ವಾರವೇ ಸ್ಲೀಪ್ ಟೆಸ್ಟ್. ಅಲ್ಲೀವರೆಗೂ ಸ್ಕೂಟಿ ಕೀ ಗಂಡನ ಹತ್ರ ಇರ್ಲಿ, ಮಗೂನ ಅವನೇ ಸ್ಕೂಲಿಗೆ ಬಿಡ್ಲಿ. ಇವತ್ತು ರಾತ್ರಿ ಹಾಲ್‌ನಿಂದ ದಿಂಬು ಎತ್ಕೊಂಡು ರೂಮಿಗೆ ಬಂದು, ನೀನು ಮಲಗಿದ್ಮೇಲೆ ಹತ್ತು ನಿಮಿಷ ಫೋನ್‌ನಲ್ಲಿ ವಿಡಿಯೋ ಮಾಡ್ಲಿ, ಅದನ್ನ ಡಾಕ್ಟ್ರಿಗೆ ತೋರ್ಸು.