ಎಂಟಿಬಿಎಫ್ 50,000 ಗಂಟೆ ಅಂತ ಬರೆದರೆ ರಿಲಯಬಿಲಿಟಿ ಪ್ಲಾನ್ ಆಯ್ತಾ?

ದಿನದ 24 ಗಂಟೆಯೂ ಓಡುವ ಕಂಟ್ರೋಲರ್‌ಗೆ ರಿಲಯಬಿಲಿಟಿ ಪ್ಲಾನ್‌ನಲ್ಲಿ, ಅಂದರೆ ಅದು ಕೆಡದೆ ಓಡುವಂತೆ ನೋಡಿಕೊಳ್ಳುವ ಯೋಜನೆಯಲ್ಲಿ, ‘ಎಂಟಿಬಿಎಫ್ 50,000 ಗಂಟೆ’ ಎಂಬ ಗುರಿ ಸಾಕಾ ಅಂತ ಕೇಳಿದ್ದೀರಿ. ಎಂಟಿಬಿಎಫ್ ಅಂದರೆ ಒಂದು ಸಲ ಕೆಡುವುದಕ್ಕೂ ಇನ್ನೊಂದು ಸಲ ಕೆಡುವುದಕ್ಕೂ ನಡುವಿನ ಸರಾಸರಿ ಸಮಯ. ಸಾಲದು.

ಆ ಸಂಖ್ಯೆ ನೋಡಿದರೆ ಐದೂವರೆ ವರ್ಷ ಯೋಚನೆಯಿಲ್ಲ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಗಿಲ್ಲ. ಕೆಡುವ ದರ ಒಂದೇ ಸಮ ಇದೆ ಅಂದುಕೊಂಡರೂ, 100 ಯೂನಿಟ್‌ಗಳಲ್ಲಿ ಮೊದಲ ವರ್ಷವೇ ಸುಮಾರು 16 ಕೆಡುತ್ತವೆ. 50,000 ಗಂಟೆ ಮುಟ್ಟುವಾಗ ಒಮ್ಮೆಯೂ ಕೆಡದೆ ಉಳಿಯುವುದು ಸುಮಾರು 37. ಅದರ ಬದಲು ಹೀಗೆ ಬರೆಯಿರಿ: ‘ಸುತ್ತಲಿನ ಬಿಸಿ 40 ಡಿಗ್ರಿ ಇದ್ದಾಗ, ಸತತವಾಗಿ ಓಡಿ, 3 ವರ್ಷಕ್ಕೆ 100ರಲ್ಲಿ 95 ಕೆಡದೆ ಇರಬೇಕು.’ ಕೆಡುವುದು ಅಂದರೆ ಏನು ಅಂತಲೂ ಬರೆಯಿರಿ. ಹ್ಯಾಂಗ್ ಆಗಿ, ರೀಸ್ಟಾರ್ಟ್ ಮಾಡಿದರೆ ಸರಿಹೋಗುವುದು ಲೆಕ್ಕಕ್ಕೆ ಬರುತ್ತದಾ? ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಆಮೇಲೆ ಜಗಳ ತಪ್ಪದು.

ಎಫ್‌ಎಂಇಎಯನ್ನು, ಅಂದರೆ ಯಾವ ಭಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾಗುತ್ತದೆ ಅಂತ ಪಟ್ಟಿ ಮಾಡಿ ಅಂಕ ಕೊಡುವ ಕೆಲಸವನ್ನು, ಡಿಸೈನ್ ಇನ್ನೂ ಬದಲಾಯಿಸಬಹುದಾದಾಗಲೇ ಮಾಡಿ. ಆರ್‌ಪಿಎನ್ (ತೀವ್ರತೆ, ಆಗುವ ಸಾಧ್ಯತೆ, ಪತ್ತೆಹಚ್ಚುವ ಕಷ್ಟ ಈ ಮೂರರ ಅಂಕ ಗುಣಿಸಿದಾಗ ಬರುವ ಸಂಖ್ಯೆ) ಚಿಕ್ಕದಿದ್ದರೂ, ತೀವ್ರತೆಗೆ 10ಕ್ಕೆ 9 ಅಥವಾ 10 ಇರುವುದನ್ನು ಮೊದಲು ನೋಡಿ.

ನನಗೆ ಪಾಠ ಕಲಿಸಿದ್ದು ಒಂದು ಕೆಪಾಸಿಟರ್, ವಿದ್ಯುತ್ ಕೂಡಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ. ನಾನು ಕೆಲಸ ಮಾಡಿದ ಒಂದು ಬೋರ್ಡಿನಲ್ಲಿ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡಿಗೆ) ಅಂಟಿಕೊಂಡಂತೆ ಕೂತಿತ್ತು. ಟೇಬಲ್ ಮೇಲೆ ಮುಚ್ಚಳ ತೆಗೆದಿಟ್ಟು ಟೆಸ್ಟ್ ಮಾಡಿದಾಗ ಎಲ್ಲ ಸರಿಯಾಗಿತ್ತು. ವಾಪಸ್ ಬಂದ ಯೂನಿಟ್‌ಗಳಲ್ಲಿ ಅದರ ತಲೆ ಉಬ್ಬಿತ್ತು. ಡಬ್ಬಿ ಮುಚ್ಚಿ, ಥರ್ಮೋಕಪಲ್ ಅಂಟಿಸಿ ನೋಡಿದರೆ ಸುಮಾರು 85 ಡಿಗ್ರಿ! ಅದರ ಡೇಟಾಶೀಟ್‌ನಲ್ಲಿದ್ದದ್ದು 105 ಡಿಗ್ರಿಗೆ 2,000 ಗಂಟೆ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟು. ಅಂದರೆ 85 ಡಿಗ್ರಿಗೆ 8,000 ಗಂಟೆ, ಒಂದು ವರ್ಷವೂ ಇಲ್ಲ. ಅದನ್ನು ಆಚೆ ಸರಿಸಿ 65 ಡಿಗ್ರಿಗೆ ತಂದೆವು. ಅಲ್ಲಿಗೆ 32,000 ಗಂಟೆ, ಮೂರೂವರೆ ವರ್ಷಕ್ಕೂ ಜಾಸ್ತಿ. ದುಬಾರಿ ಪಾರ್ಟ್ ಯಾವುದೂ ಬೇಕಾಗಲಿಲ್ಲ. ಲೇಔಟ್ ಹೊತ್ತಿನಲ್ಲೇ ಅಳೆದಿದ್ದರೆ ಆ ಯೂನಿಟ್‌ಗಳು ವಾಪಸ್ ಬರುತ್ತಲೇ ಇರಲಿಲ್ಲ ಅನ್ನುವ ಬೇಸರ ಇನ್ನೂ ಇದೆ.

ಟೆಸ್ಟಿಗೆ ಐದಾರು ಯೂನಿಟ್ ಇಟ್ಟು ‘ಪಾಸ್’ ಅನ್ನಬೇಡಿ. ಆ 95ರ ಗುರಿಯನ್ನು ಶೇ. 90 ವಿಶ್ವಾಸದಿಂದ ತೋರಿಸಬೇಕಾದರೆ, 3 ವರ್ಷಕ್ಕೆ ಸಮನಾದ ಟೆಸ್ಟಿನಲ್ಲಿ 45 ಯೂನಿಟ್ ಓಡಿಸಿ, ಒಂದೂ ಕೆಡಬಾರದು. ಅಷ್ಟು ಯೂನಿಟ್ ಸಿಗುವುದಿಲ್ಲ ಅಂತಾದರೆ ಅದನ್ನು ಪ್ಲಾನ್‌ನಲ್ಲೇ ಬರೆದುಬಿಡಿ.

ಇನ್ನೊಂದು ಸಾಲು ಖಂಡಿತ ಸೇರಿಸಿ: ವಾಪಸ್ ಬಂದ ಪ್ರತಿ ಯೂನಿಟ್ ಬಿಚ್ಚಿ ಕಾರಣ ಹುಡುಕುವವರ ಹೆಸರು. ನಾನಾಗಿದ್ದರೆ ಆ ಜಾಗ ಖಾಲಿ ಬಿಟ್ಟ ಪ್ಲಾನ್‌ಗೆ ಸಹಿ ಹಾಕುವುದಿಲ್ಲ.