ಓದುಗರ ಪ್ರಶ್ನೆ: ಗಿನಿಯ ಲೆಕ್ಕ, ಪಟ್ಟಿಯಲ್ಲಿನ ಹೆಸರು

ಪ್ರಶ್ನೆ: 1882ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಡ್ವಿನ್ ಲಾಂಗ್‌ನ ‘ಬ್ಯಾಬಿಲೋನಿಯನ್ ಮ್ಯಾರೇಜ್ ಮಾರ್ಕೆಟ್’ ಚಿತ್ರ 6,300ಕ್ಕೆ ಹೋಯಿತೆಂದು ಒಂದು ಕಡೆ ಇದೆ, 6,615 ಎಂದು ಇನ್ನೊಂದು ಕಡೆ. ಯಾವುದು ಸರಿ? ಹರಾಜು ಪಟ್ಟಿಯಲ್ಲಿರುವ ಖರೀದಿದಾರರ ಹೆಸರನ್ನು ನನ್ನ ಪ್ರಬಂಧದಲ್ಲಿ ಹಾಗೆಯೇ ಬಳಸಬಹುದೇ?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. ಮೊದಲನೆಯದು ಗಿನಿ, ಎರಡನೆಯದು ಪೌಂಡ್. ಪೌಂಡಿಗೆ 20 ಶಿಲಿಂಗ್, ಗಿನಿಗೆ 21. ಗಿನಿ ನಾಣ್ಯ ಅಚ್ಚಾಗುವುದು 1810ರ ದಶಕದಲ್ಲೇ ನಿಂತಿತ್ತು. ಆದರೂ ಚಿತ್ರಗಳ ಸವಾಲು ಗಿನಿಯಲ್ಲೇ ನಡೆಯುತ್ತಿತ್ತು. ಗಿನಿಯನ್ನು 1.05ರಿಂದ ಗುಣಿಸಿದರೆ ಪೌಂಡ್ ಸಿಗುತ್ತದೆ. ಎಡವುವುದು ಇಲ್ಲೇ: ಆಗಲೇ ಪೌಂಡಿನಲ್ಲಿರುವ 6,615ನ್ನು ಮತ್ತೆ ಗುಣಿಸಿದರೆ 6,945 ದಾಟುತ್ತದೆ. ಅನುಮಾನವಿದ್ದರೆ ಮೊತ್ತವನ್ನು ಶಿಲಿಂಗಿಗೆ ಇಳಿಸಿ 21ರಿಂದ ಭಾಗಿಸಿ. 31 ಪೌಂಡ್ 10 ಶಿಲಿಂಗ್ ಎಂದರೆ 630 ಶಿಲಿಂಗ್, ಸರಿಯಾಗಿ 30 ಗಿನಿ. ಶೇಷ ಉಳಿಯದಿದ್ದರೆ ಕೂಗಿದ್ದು ಗಿನಿಯಲ್ಲಿ, ಬರೆದಿದ್ದು ಪೌಂಡಿನಲ್ಲಿ ಎಂದು ಬಹುಮಟ್ಟಿಗೆ ನಂಬಬಹುದು.

ಹೆಸರಿನ ವಿಷಯ ಇಷ್ಟು ಸಲೀಸಲ್ಲ. ಮಾಲೀಕ ಗುಟ್ಟಾಗಿ ಹೇಳಿದ ಕನಿಷ್ಠ ಬೆಲೆ ಬಾರದಿದ್ದರೆ ಚಿತ್ರ ಅವನಿಗೇ ವಾಪಸ್ಸು. ಬ್ಯಾಡಗಿ ಪೇಟೆಯಲ್ಲಿ ದರ ಒಪ್ಪದ ರೈತ ಮೆಣಸಿನಕಾಯಿ ಲಾಟು ಬಿಟ್ಟುಕೊಡದ ಹಾಗೆ. ವ್ಯತ್ಯಾಸವೆಂದರೆ, ಲಂಡನ್ನಿನಲ್ಲಿ ಹಾಗೆ ಉಳಿದ ಚಿತ್ರದ ಮುಂದೆಯೂ ಯಾವುದೋ ಒಂದು ಹೆಸರು, ಒಂದು ಬೆಲೆ ಬೀಳುತ್ತಿತ್ತು. ಓದುವವರಿಗೆ ಅದು ಮಾರಾಟದಂತೆಯೇ ಕಾಣುತ್ತದೆ. ಅದೇ ಚಿತ್ರ ಕೆಲವು ವರ್ಷಗಳ ನಂತರ ಅದೇ ಮಾಲೀಕನ ಮನೆತನದ ಹೆಸರಿನಲ್ಲಿ ಮತ್ತೆ ಹರಾಜಿಗೆ ಬಂದಿದೆಯೇ ನೋಡಿ. ಬಂದಿದ್ದರೆ ಹಿಂದಿನ ಬೆಲೆಯನ್ನು ಮಾರಾಟದ ಲೆಕ್ಕಕ್ಕೆ ಹಿಡಿಯಬೇಡಿ. ಹೋಲಿಸುವಾಗ ಶೀರ್ಷಿಕೆಯೊಂದನ್ನೇ ನಂಬಬೇಡಿ, ‘ದನಗಳಿರುವ ಭೂದೃಶ್ಯ’ ಎಂಬವು ರಾಶಿ ರಾಶಿ ಇವೆ. ಅಂಗುಲದ ಅಳತೆ ಕೊಟ್ಟಿದ್ದರೆ ಅದನ್ನು ಹಿಡಿಯಿರಿ.

ಹೆಸರು ನಿಜವಿದ್ದರೂ ಅದು ವ್ಯಾಪಾರಿಯದಾಗಿರಬಹುದು. ಗೇನ್ಸ್‌ಬರೋ ಬರೆದ ಡೆವನ್‌ಶೈರ್ ಡಚೆಸ್‌ಳ ಭಾವಚಿತ್ರವನ್ನು 1876ರಲ್ಲಿ 10,100 ಗಿನಿಗೆ ಹಿಡಿದದ್ದು ಆಗ್ನ್ಯೂಸ್ ಎಂಬ ಚಿತ್ರವ್ಯಾಪಾರದ ಸಂಸ್ಥೆ. (ಕೆಲವೇ ವಾರಗಳಲ್ಲಿ ಅದು ಅವರ ಗ್ಯಾಲರಿಯಿಂದಲೇ ಕಳುವಾಯಿತು, ಸಿಕ್ಕಿದ್ದು 1901ರಲ್ಲಿ.) ಲಾಂಗ್‌ನ ಚಿತ್ರವಾದರೋ ಗುಳಿಗೆ, ಮುಲಾಮು ಮಾರಿ ಶ್ರೀಮಂತನಾದ ಥಾಮಸ್ ಹಾಲೊವೇ ತಾನು ಕಟ್ಟಿಸುತ್ತಿದ್ದ ಮಹಿಳಾ ಕಾಲೇಜಿಗೆಂದು ಕೊಂಡದ್ದು.

ಪ್ರಶ್ನೆ: ನಮ್ಮ ಅಜ್ಜಾರ ಮನ್ಯಾಗ ಜಿಂಕಿ ಇರೋ ಒಂದು ಇಂಗ್ಲಿಷ್ ಪಟ ಐತ್ರಿ. ಚೌಕಟ್ಟಿನ ಹಿಂದ ಕರಿ ಬಣ್ಣದಾಗ ಅಂಕಿ, ಅಕ್ಷರ ಅದಾವ. ಇದು ಬೆಲೆಬಾಳೂದೇನ್ರಿ?
— ಓದುಗರು, ಗದಗ

ಉತ್ತರ: ಕೊರೆದ ತಗಡಿಟ್ಟು ಬಳಿದಂಥ ಅಚ್ಚುಕಟ್ಟಾದ ಅಂಕಿಯಾಗಿದ್ದರೆ ಕ್ರಿಸ್ಟೀಸ್‌ನ ದಾಸ್ತಾನು ಸಂಖ್ಯೆ ಇದ್ದೀತು. ಅದರಿಂದ ತಿಳಿಯುವುದು ವಸ್ತು ಅಲ್ಲಿಗೆ ಬಂದಿತ್ತು ಎಂದಷ್ಟೇ. ಮಾರಾಟವಾಯಿತೆಂದೂ ಅಲ್ಲ, ಕಲಾವಿದ ಇಂಥವನೆಂದೂ ಅಲ್ಲ. ಚೌಕಟ್ಟು ಬೇರೆ ಚಿತ್ರದ್ದೂ ಆಗಿರಬಹುದು.

ಮೊದಲು 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಬಣ್ಣವೆಲ್ಲ ಸಣ್ಣ ಚುಕ್ಕೆಗಳಾಗಿ ಕಂಡರೆ ಮುದ್ರಿತ ಪ್ರತಿ. ಕಪ್ಪು ಗೆರೆಗಳ ಚಿತ್ರವಾಗಿದ್ದು, ಕಾಗದದ ಅಂಚಿನೊಳಗೆ ಸುತ್ತಲೂ ಲೋಹದ ಫಲಕ ಒತ್ತಿದ ತಗ್ಗು ಇದ್ದರೆ ಎನ್‌ಗ್ರೇವಿಂಗ್, ಅಂದರೆ ಲೋಹದ ಫಲಕದಲ್ಲಿ ಕೊರೆದು ಒತ್ತಿದ ಅಚ್ಚು. ಪ್ರಾಣಿಚಿತ್ರಗಳಿಗೆ ಹೆಸರಾದ ಇಂಗ್ಲಿಷ್ ಕಲಾವಿದ ಲ್ಯಾಂಡ್‌ಸೀರ್‌ನ ಜಿಂಕೆಗಳು ಮನೆಮನೆಗೆ ಹೋದದ್ದು ಹೀಗೆಯೇ. ಮೇಲ್ಮೈ ಉಬ್ಬುತಗ್ಗಾಗಿದೆ ಎಂದು ಮಾತ್ರ ಎಣ್ಣೆಬಣ್ಣವೆಂದು ತೀರ್ಮಾನಿಸಬೇಡಿ, ಎಣ್ಣೆಚಿತ್ರದಂತೆ ಕಾಣಲೆಂದು ಬಣ್ಣದಲ್ಲಿ ಮುದ್ರಿಸಿದ ಓಲಿಯೋಗ್ರಾಫ್‌ಗಳಿಗೂ ಕ್ಯಾನ್ವಾಸಿನ ನೇಯ್ಗೆಯನ್ನು ಒತ್ತುತ್ತಿದ್ದರು. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಹಿಂದಿನ ಚೀಟಿ, ಅಂಕಿಗಳನ್ನು ಅಳಿಸದೆ ಓರೆ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಿ. ನೂರು ವರ್ಷ ದಾಟಿದ ವರ್ಣಚಿತ್ರವೇ ಆಗಿದ್ದರೆ, 1972ರ ಪುರಾತನ ವಸ್ತು ಕಾಯ್ದೆಯಂತೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.